ಓದುಗರ ಪ್ರಶ್ನೆಗಳು: ಕಾಡಿಗೊಂದು ಹಾಡು, ಗೋಡೆಗೊಂದು ನೀರುನಾಯಿ

ವನ್ಯಜೀವಿಗಳ ಪರವಾಗಿ ಹಾಡು ಕಟ್ಟುವವರು, ಗೋಡೆಗೆ ಚಿತ್ರ ಬರೆಯುವವರು, ವೇಷ ಹಾಕುವವರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚಿನ ಪತ್ರಗಳು ಬಂದಿರುವುದು ಗಡಿ ಭಾಗದಿಂದ, ಎರಡು ನುಡಿಗಳಲ್ಲಿ ಹಾಡಿ ಬರೆಯುವ ಕಲಾವಿದರಿಂದ.

ನಾನು ಕನ್ನಡ, ತಮಿಳು ಎರಡರಲ್ಲೂ ಹಾಡುತ್ತೇನೆ. ಮಲೆ ಮಹದೇಶ್ವರ ಬೆಟ್ಟದ ಸುತ್ತಲ ಹಳ್ಳಿಗಳಲ್ಲಿ ‘ಹುಲಿ ಉಳಿಸಿ’ ಎಂಬ ಹಾಡು ಹಾಡಬೇಕೆಂದಿದ್ದೇನೆ. ಕನ್ನಡದಲ್ಲಿ ಬರೆದು ತಮಿಳಿಗೆ ಅನುವಾದಿಸಿದರೆ ಸಾಕೆ?
— ಹನೂರು ತಾಲ್ಲೂಕಿನ ಓದುಗರು

ಅನುವಾದದ ಮಾತು ಆಮೇಲೆ. ಮೊದಲು ‘ಹುಲಿ ಉಳಿಸಿ’ ಎಂಬ ಸಾಲನ್ನೇ ನೋಡಿ. ಕೇಳಿದವನು ನಾಳೆ ಬೆಳಿಗ್ಗೆ ಏನು ಮಾಡಬೇಕು ಎಂಬುದು ಅದರಲ್ಲಿಲ್ಲ. ನಿಮ್ಮ ಹಾಡು ಕೇಳುವವರು ಯಾರು? ಕಾಡಂಚಿನಲ್ಲಿ ದನ ಮೇಯಿಸುವವರು. 2025ರ ಜೂನ್‌ನಲ್ಲಿ ಇದೇ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ 4 ಮರಿಗಳು ವಿಷ ಬೆರೆತ ಹಸುವಿನ ಕಳೇಬರ ತಿಂದು ಸತ್ತವು. ಹುಲಿಯ ಬಾಯಿಗೆ ಹಸು ಕಳೆದುಕೊಂಡ ಸಿಟ್ಟಿಗೂ ವಿಷದ ಪುಡಿಗೂ ನಡುವೆ ಸಿಗುವುದು ಕೆಲವೇ ಗಂಟೆ. ಹಾಡು ಕೆಲಸ ಮಾಡಬೇಕಾದದ್ದು ಆ ಗಂಟೆಗಳಲ್ಲಿ.

ಆದ್ದರಿಂದ ಚರಣಗಳಲ್ಲಿ ಮಾಡಬೇಕಾದ ಕೆಲಸವನ್ನೇ ಸಾಲಾಗಿ ಹೇಳಿ. ಸತ್ತ ದನವನ್ನು ಬಿದ್ದ ಜಾಗದಿಂದ ಎಳೆಯಬಾರದು, ಚರ್ಮ ಸುಲಿಯಬಾರದು. ಕುತ್ತಿಗೆಯ ಗಾಯ, ಸುತ್ತಲಿನ ಹೆಜ್ಜೆ ಗುರುತು ಕಾಣುವ ಹಾಗೆ ಫೋಟೊ ತೆಗೆಯಬೇಕು. ರೇಂಜ್ ಆಫೀಸಿಗೋ ಅರಣ್ಯ ಇಲಾಖೆಯ 1926 ಸಹಾಯವಾಣಿಗೋ ತಡಮಾಡದೆ ತಿಳಿಸಬೇಕು. ಪಶುವೈದ್ಯರು ಬಂದು ನೋಡುವ ತನಕ, ಮಹಜರು ಆಗುವ ತನಕ ಕಳೇಬರ ಅಲ್ಲೇ ಇರಬೇಕು. ಎಳೆದು ಹಾಕಿದ ಕಳೇಬರಕ್ಕೆ ಹುಲಿಯೇ ಕೊಂದದ್ದೆಂಬ ಪುರಾವೆ ಇಲ್ಲವಾಗಿ ಪರಿಹಾರ ಕೈತಪ್ಪುತ್ತದೆ. ಪರಿಹಾರ ಸಿಗದವನ ಕೈ ಮುಂದಿನ ಸಲ ವಿಷದ ಕಡೆಗೆ ಹೋಗುತ್ತದೆ. ಈ ನಾಲ್ಕು ಸಂಗತಿ ನಾಲ್ಕು ಚರಣಕ್ಕೆ ಸರಿಯಾಗಿ ಸಾಲುತ್ತವೆ. ಹಾಡುವ ಮುನ್ನ ಆ ವಲಯದ ಕಚೇರಿಗೆ ಹೋಗಿ ಈಗಿನ ಪದ್ಧತಿಯನ್ನೂ ಫೋನ್ ಸಂಖ್ಯೆಯನ್ನೂ ಖಚಿತ ಮಾಡಿಕೊಳ್ಳಿ. ಹಾಡಿನಲ್ಲಿ ಹಳೆಯ ಸಂಖ್ಯೆ ಉಳಿದುಬಿಟ್ಟರೆ ಅದನ್ನು ಜನರ ಬಾಯಿಂದ ತೆಗೆಯುವುದು ಬಹಳ ಕಷ್ಟ.

ಇನ್ನು ನುಡಿಯ ಮಾತು. ಅನುವಾದ ಬೇಡ, ಒಂದೇ ಮಟ್ಟಿಗೆ ಎರಡು ಹಾಡು ಕಟ್ಟಿ. ಕನ್ನಡದ ಆದಿಪ್ರಾಸವೂ ತಮಿಳಿನ ಎದುಗೈಯೂ ಎರಡನೆಯ ಅಕ್ಷರದ ಮೇಲೆಯೇ ನಿಲ್ಲುವುದರಿಂದ ಪ್ರಾಸದ ಅಚ್ಚು ಎರಡಕ್ಕೂ ಒಂದೇ. ಕಾಡು, ನಾಡು, ಕರಡಿ ಎರಡೂ ಕಡೆ ಅದೇ ಪದ, ಅದೇ ಅರ್ಥ. ಆನೆ ಅಲ್ಲಿ ಆನೈ, ಹುಲಿ ಅಲ್ಲಿ ಪುಲಿ (ನಮ್ಮ ಹಳಗನ್ನಡದಲ್ಲೂ ಪುಲಿಯೇ), ಹಸು ಅಲ್ಲಿ ಪಸು. ನಿಮಗೆ ಎಲ್ಲಕ್ಕಿಂತ ಬೆಲೆಯುಳ್ಳ ಪದ ‘ನಂಜು’. ಎರಡೂ ನುಡಿಯಲ್ಲಿ ಅದು ವಿಷವೇ, ನಂಜುಂಡನನ್ನು ಬಲ್ಲ ಸೀಮೆಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಪದದ ಬಗ್ಗೆ ಮಾತ್ರ ಎಚ್ಚರ: ‘ಮಾಡು’ ಕನ್ನಡದಲ್ಲಿ ಕೆಲಸ, ತಮಿಳಿನಲ್ಲಿ ದನ. ‘ಕಾಡು ಮಾಡು’ ಎಂದು ಹಾಡಿದರೆ ಅರ್ಧ ಸಭೆಗೆ ಕಾಡುದನ ಕೇಳಿಸುತ್ತದೆ.

ಹಿಮ್ಮೇಳ ಎತ್ತಿಕೊಳ್ಳುವ ಸೊಲ್ಲನ್ನು ಈ ಸಮಾನ ಪದಗಳಿಂದಲೇ ಕಟ್ಟಿ. ಮಾದರಿಗೆ:

ನಂಜು ಇಡಬ್ಯಾಡ, ಕಾಡು ಸುಡಬ್ಯಾಡ
ನಂಜು ವೈಕ್ಕಾದೇ, ಕಾಡೆರಿಕ್ಕಾದೇ

ಎರಡರಲ್ಲೂ ಪ್ರತಿ ತುಂಡಿಗೆ 3 ಮತ್ತು 6, ಒಟ್ಟು 9 ಮಾತ್ರೆ. ತಮಿಳಿನಲ್ಲಿ ‘ಕಾಡು ಎರಿಕ್ಕಾದೇ’ ಎಂದು ಬಿಡಿಸಿ ಹಾಡಿದರೆ ಒಂದು ಮಾತ್ರೆ ಹೆಚ್ಚಾಗಿ ತಾಳ ಜಾರುತ್ತದೆ, ಸಂಧಿ ಮಾಡಿದರೆ ಕೂರುತ್ತದೆ. ಸಾಲಿನ ಕೊನೆಯನ್ನೂ ಗಮನಿಸಿ. ಕನ್ನಡದ ಪದ ಸ್ವರದಲ್ಲಿ ಮುಗಿಯುವುದರಿಂದ ಎಳೆಯಲು ಬರುತ್ತದೆ. ತಮಿಳಿನ ಎಷ್ಟೋ ಪದಗಳು ಮ್, ನ್ ಮೇಲೆ ನಿಲ್ಲುತ್ತವೆ, ಅಲ್ಲಿ ದನಿ ಎಳೆದರೆ ಬಾಯಿ ಮುಚ್ಚಿ ಮೂಗಿನ ನಾದವಾಗುತ್ತದೆ. ‘ವೈಕ್ಕಾದೇ’ಯಂತೆ ತೆರೆದ ಸ್ವರದಲ್ಲಿ ನಿಲ್ಲುವ ಕ್ರಿಯಾಪದವನ್ನೇ ಕೊನೆಗೆ ತನ್ನಿ.

ಕಂಸಾಳೆ ಬಳಸುವುದಾದರೆ ಸೊಲ್ಲಿಗೆ ಮಾತ್ರ ಬಳಸಿ. ಕಂಚಿನ ಝೇಂಕಾರ ವ್ಯಂಜನಗಳನ್ನು ನುಂಗುತ್ತದೆ, ‘ಎಳೆಯಬೇಡ’ ಎಂಬುದು ‘ಎಳೆ’ ಎಂದು ಕೇಳಿಸಿದರೆ ಕೆಲಸ ಕೆಟ್ಟಿತು. ಚರಣಗಳಿಗೆ ದಮ್ಮಡಿ ಎಂಬ ಚರ್ಮವಾದ್ಯ ಸಾಕು. ಹುಲಿ ಮಾದಪ್ಪನ ವಾಹನ; ಆ ಭಕ್ತಿ ಈ ಸೀಮೆಯಲ್ಲಿ ನಿಜವಾಗಿಯೂ ಇದೆ, ಹಾಡಿನಲ್ಲಿ ಬರಲಿ. ಆದರೆ ‘ಹುಲಿ ಕೊಂದರೆ ಮಾದಪ್ಪ ಮುನಿದಾನು’ ಎಂದು ಹೆದರಿಸಬೇಡಿ. ಹಸು ಕಳೆದುಕೊಂಡು ಕೂತವನ ಮೇಲೆ ಶಾಪವನ್ನೂ ಹೊರಿಸುವುದು ಅನ್ಯಾಯ.

ಕಾಡಂಚಿನ ಊರಿನಲ್ಲಿ ರಾತ್ರಿ ಕಾರ್ಯಕ್ರಮ ಮಾಡಿದರೆ ಜನ ಹೆಚ್ಚು ಸೇರುತ್ತಾರೆ. ಮಾಡಬಹುದೆ?
— ಗುಂಡ್ಲುಪೇಟೆಯಿಂದ

ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ತಡೆಯಿದೆ. ಅದು ಚಿಕ್ಕ ಕಾರಣ. ದೊಡ್ಡ ಕಾರಣವೆಂದರೆ ಮುಸ್ಸಂಜೆಯ ಹೊತ್ತಿಗೆ ಆನೆಗಳು ಹೊಲದ ಕಡೆ ಬರುತ್ತವೆ, ನಿಮ್ಮ ಸಭಿಕರು ಅದೇ ದಾರಿಯಲ್ಲಿ ಮನೆಗೆ ನಡೆಯುತ್ತಾರೆ. ಮಧ್ಯಾಹ್ನ 3ಕ್ಕೆ ಶುರು ಮಾಡಿ 5ಕ್ಕೆ ಮುಗಿಸಿ. ಸ್ಪೀಕರಿನ ಬೆನ್ನು ಕಾಡಿಗಿರಲಿ, ಮುಖ ಊರಿಗಿರಲಿ. ನೂರು ಜನಕ್ಕೆ ಶಾಲೆಯ ಅಂಗಳದಲ್ಲಿ ಒಂದೇ ಬ್ಯಾಟರಿ ಸ್ಪೀಕರ್ ಸಾಕು. ಹೊಟ್ಟೆಯಿಂದ ದನಿ ತೆಗೆಯುವ ಜನಪದ ಗಾಯಕರಿದ್ದರೆ ಅದೂ ಬೇಡ.

ನಾನು ಘಟ ನುಡಿಸುತ್ತೇನೆ. ಕತ್ತಲೆಕಾನಿನ ಕುಂಬಾರ ಕಪ್ಪೆಯ ಕೂಗು ಮಡಕೆ ತಟ್ಟಿದಂತಿದೆ ಎಂದು ಕೇಳಿ ಅದನ್ನು ದಾಖಲಿಸಿ ಸಂಗೀತದಲ್ಲಿ ಬಳಸುವ ಆಸೆ. ಯಾವ ಸಲಕರಣೆ ಬೇಕು, ಹೇಗೆ ಮಾಡಬೇಕು?
— ಸಿದ್ದಾಪುರ, ಉತ್ತರ ಕನ್ನಡ

ಒಳ್ಳೆಯ ಜೀವಿಯನ್ನೇ ಆರಿಸಿದ್ದೀರಿ. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಇರುಳುಗಪ್ಪೆಯ ಗಂಡು ಮೊಟ್ಟೆಗಳಿಗೆ ಕೈಯಾರೆ ಕೆಸರು ಮೆತ್ತುತ್ತದೆ, ಅದಕ್ಕೇ ಆ ಹೆಸರು. ಮೊಟ್ಟೆಗಳು ನೀರಿನ ಮೇಲಕ್ಕೆ ಚಾಚಿದ ಕಡ್ಡಿ, ಕಲ್ಲುಗಳ ಮೇಲಿರುತ್ತವೆ. ಆದ್ದರಿಂದ ಮೊದಲ ನಿಯಮ: ತೊರೆಯೊಳಗೆ ಇಳಿಯಬೇಡಿ, ಕಡ್ಡಿ ಸರಿಸಬೇಡಿ, ದಡದಲ್ಲೇ ಕೂರಿ. ಒಂದು ತೊರೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟಿನ ಕೆಸರು ತೊಳೆದು ಪೂರ್ತಿ ಒಣಗಿಸಿ. ಕಪ್ಪೆಗಳನ್ನು ಕೊಲ್ಲುವ ಶಿಲೀಂಧ್ರ ರೋಗ ಒದ್ದೆ ಕೆಸರಿನ ಜೊತೆ ಪಯಣಿಸುತ್ತದೆ.

ಮಳೆಗಾಲದ ಇರುಳೇ ಹೊತ್ತು. ಹಗಲಲ್ಲಿ ಹೋಗಿ ಜಾಗ ನೋಡಿಟ್ಟುಕೊಳ್ಳಿ, ಊರವರೊಬ್ಬರು ಜೊತೆಗಿರಲಿ. ಅದು ಮೀಸಲು ಅರಣ್ಯ, ವನ್ಯಧಾಮದ ಒಳಗಿನ ಜಾಗವಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಕೈಯಲ್ಲಿರಬೇಕು.

ಸಲಕರಣೆ ಸರಳ. ಅಂಗೈಯಗಲದ ರೆಕಾರ್ಡರು, ಒಂದು ಶಾಟ್‌ಗನ್ ಮೈಕು (ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ ಉದ್ದ ಮೈಕು), ಅದಕ್ಕೆ ತುಪ್ಪಳದ ಗಾಳಿಕವಚ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು, ಚಿಕ್ಕ ಮುಕ್ಕಾಲಿ ಸ್ಟ್ಯಾಂಡು. ಫೋನ್ ಬೇಡವೆನ್ನುವುದಕ್ಕೆ ಕಾರಣವಿದೆ: ಅದು ದನಿಯ ಮಟ್ಟವನ್ನು ತಾನೇ ಏರಿಳಿಸುತ್ತದೆ. ಕಪ್ಪೆ ಸುಮ್ಮನಾದಾಗ ತೊರೆಯ ಭೋರ್ಗರೆತ ಉಬ್ಬಿ ಬರುತ್ತದೆ, ಕೂಗಿದಾಗ ಕುಗ್ಗುತ್ತದೆ, ಆಮೇಲೆ ಏನು ಮಾಡಿದರೂ ಸರಿಯಾಗದು. ರೆಕಾರ್ಡರಿನಲ್ಲಿ ವೇವ್ ಕಡತ, 48 ಕಿಲೋಹರ್ಟ್ಸ್, 24 ಬಿಟ್ ಇಟ್ಟು, ಕೂಗಿನ ತುದಿ ಮೀಟರಿನ ಮೈನಸ್ 12 ಡೆಸಿಬೆಲ್ ಹತ್ತಿರ ಬರುವಂತೆ ಗೇನ್ (ದನಿ ಹಿಡಿಯುವ ಮಟ್ಟ) ಹೊಂದಿಸಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. ತಟ್ಟುವ ತರದ ಕೂಗಿಗೆ ಮೊದಲ ಏಟೇ ಜೀವಾಳವಾದ್ದರಿಂದ ಒಡೆದದ್ದು ಎದ್ದು ಕೇಳುತ್ತದೆ.

ತೊರೆಯ ಸದ್ದನ್ನು ಗೆಲ್ಲಲು ಗೇನ್ ಏರಿಸಿ ಫಲವಿಲ್ಲ. ಎರಡೂ ಜೊತೆಗೇ ಏರುತ್ತವೆ. ದೂರ ಅರ್ಧವಾದರೆ ಕಪ್ಪೆಯ ದನಿ 6 ಡೆಸಿಬೆಲ್ ಹೆಚ್ಚುತ್ತದೆ. 2 ಮೀಟರಿನಿಂದ ಅರ್ಧ ಮೀಟರಿಗೆ ಬಂದರೆ 12 ಡೆಸಿಬೆಲ್ ಲಾಭ. ಹಾಗಾಗಿ ಮೈಕನ್ನು ಕೋಲಿನ ತುದಿಗೆ ಕಟ್ಟಿ ದಡದಿಂದಲೇ ಚಾಚಿ. ಮೈಕಿನ ಬೆನ್ನು ತೊರೆಯ ಹೆಚ್ಚು ಸದ್ದಿನ ಭಾಗಕ್ಕಿರಲಿ. ಚಾಚಿದ ಕೂಡಲೇ ಕಪ್ಪೆ ಸುಮ್ಮನಾಗುತ್ತದೆ. ದೀಪ ಆರಿಸಿ, ಅಲ್ಲಾಡದೆ ಕೂರಿ. ಮತ್ತೆ ಕೂಗುವವರೆಗೆ ಕಾಯುವುದೇ ಈ ಕೆಲಸದ ದೊಡ್ಡ ಪಾಲು. ಅರ್ಧ ಗಂಟೆಯಾದರೂ ಕೂಗದಿದ್ದರೆ ನೀವಿರುವುದು ಅದಕ್ಕೆ ತೊಂದರೆಯಾಗಿದೆ, ಎದ್ದು ಬನ್ನಿ. ಬೇರೆ ಕಪ್ಪೆಯ ಕೂಗನ್ನು ನುಡಿಸಿ ಕೆರಳಿಸುವುದಂತೂ ಬೇಡವೇ ಬೇಡ. ಅದು ಎದುರಾಳಿ ಬಂದನೆಂದು ತಿಳಿದು ಹೆಣ್ಣನ್ನು ಕರೆಯಬೇಕಾದ ಇರುಳನ್ನು ಜಗಳಕ್ಕೆ ಕಳೆಯುತ್ತದೆ. ಹಕ್ಕಿಗಳ ವಿಷಯದಲ್ಲೂ ಇದೇ ಮಾತು.

ಪ್ರತಿ ದಾಖಲೆಯ ಕೊನೆಗೆ ದಿನಾಂಕ, ಹೊತ್ತು, ಸ್ಥಳ, ಉಷ್ಣಾಂಶವನ್ನು ನಿಮ್ಮ ದನಿಯಲ್ಲೇ ಹೇಳಿ. ಸಂಶೋಧಕರಿಗೆ ಅದು ಬಂಗಾರ, ನಿಮಗೂ ಮುಂದಿನ ವರ್ಷ ಗುರುತು. ಮಲೆನಾಡಿನ ತೇವಕ್ಕೆ ಮೈಕಿನಲ್ಲಿ ಚಟಪಟ ಸದ್ದು ಬರುತ್ತದೆ. ಸಿಲಿಕಾ ಜೆಲ್ ಇರುವ ಡಬ್ಬದಲ್ಲಿಡಿ, ಏಸಿ ಕಾರಿನಿಂದ ಇಳಿಸಿದ ಕೂಡಲೇ ಬಳಸದೆ 20 ನಿಮಿಷ ಚೀಲದಲ್ಲೇ ಬಿಡಿ.

ಸಂಗೀತಕ್ಕೆ ಕೂರಿಸುವಾಗ ಒಂದು ವಿನಂತಿ. ಕಪ್ಪೆಯ ಕೂಗನ್ನು ತಾಳಕ್ಕೆ ಹಿಗ್ಗಿಸಿ ಕುಗ್ಗಿಸಬೇಡಿ, ಶ್ರುತಿ ಬದಲಿಸಬೇಡಿ. ಕೂಗಿನ ವೇಗ, ಸ್ಥಾಯಿಗಳಿಂದಲೇ ಒಂದು ಜಾತಿ ಇನ್ನೊಂದರಿಂದ ಬೇರೆಯಾಗಿ ತಿಳಿಯುವುದು. ತಿರುಚಿದ ಕೂಗು ಕೇಳಿ ಕಲಿತ ಮಗು ಕಾಡಿನಲ್ಲಿ ನಿಜದ ಕಪ್ಪೆಯನ್ನು ಗುರುತಿಸಲಾರದು. ಕಪ್ಪೆ ಇದ್ದ ಹಾಗೇ ಇರಲಿ. ಘಟದ ಶ್ರುತಿ ಮತ್ತು ನಡೆಯನ್ನು ಅದಕ್ಕೆ ಹೊಂದಿಸಿ. ಅದರ ಏಟುಗಳ ನಡುವಿನ ಬಿಡುವು ಒಂದೇ ಸಮ ಇರುವುದಿಲ್ಲ. ಕೊನ್ನಕೋಲು (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ) ಬಲ್ಲ ನಿಮಗೆ ಆ ಏರುಪೇರಿನಲ್ಲೇ ಬೇಕಾದಷ್ಟು ಕೆಲಸವಿದೆ.

ಅಂತರ್ಜಾಲದಲ್ಲಿ ಸಿಗುವ ಹಕ್ಕಿಗಳ ಕೂಗನ್ನು ನಮ್ಮ ಹಾಡಿಗೆ ಸೇರಿಸಬಹುದೆ?
— ಶಿವಮೊಗ್ಗ

ಪ್ರತಿ ದಾಖಲೆಯ ಪರವಾನಗಿ ಓದಿದ ಮೇಲಷ್ಟೆ. ಜೆನೋ-ಕ್ಯಾಂಟೋ ತಾಣದಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಿವೆ, ಆದರೆ ಎಲ್ಲವೂ ಒಂದೇ ಅಲ್ಲ. ‘ಎನ್‌ಸಿ’ ಎಂದಿದ್ದರೆ ಹಣ ತರುವ ಕೆಲಸಕ್ಕೆ ಬಳಸುವಂತಿಲ್ಲ. ‘ಎನ್‌ಡಿ’ ಎಂದಿದ್ದರೆ ಕತ್ತರಿಸಿ ಹಾಡಿನಲ್ಲಿ ಬೆರೆಸುವಂತಿಲ್ಲ, ಉಚಿತವಾಗಿ ಹಂಚಿದರೂ. ದಾಖಲಿಸಿದವರಿಗೆ ಬರೆದು ಕೇಳಿದರೆ ಬಹಳ ಜನ ಸಂತೋಷದಿಂದ ಒಪ್ಪುತ್ತಾರೆ. ಒಪ್ಪಿಗೆಯನ್ನು ಬರಹದಲ್ಲಿ ಇಟ್ಟುಕೊಳ್ಳಿ, ಅವರ ಹೆಸರನ್ನು ಹಾಡಿನ ವಿವರದಲ್ಲಿ ಹಾಕಿ. ಹಕ್ಕಿ ನಿಮ್ಮ ಸೀಮೆಯದೇ ಎಂದು ನೋಡಿಕೊಳ್ಳುವುದೂ ಮುಖ್ಯ. ಯುರೋಪಿನ ಕೋಗಿಲೆಯ ‘ಕುಕ್ಕೂ’ ನಮ್ಮ ಮಾವಿನ ಮರದ ಕೋಗಿಲೆಯದಲ್ಲ.

ಕಂಪ್ಲಿಯ ಹತ್ತಿರ ನದಿ ಪಕ್ಕದ ಶಾಲೆಯ ಹೊರಗೋಡೆಗೆ (20 ಅಡಿ ಉದ್ದ, 8 ಅಡಿ ಎತ್ತರ) ನೀರುನಾಯಿಯ ಚಿತ್ರ ಬರೆಯಬೇಕು. ಇಲ್ಲಿ ಕನ್ನಡ, ತೆಲುಗು ಎರಡೂ ಮಾತಾಡುತ್ತಾರೆ. ಹಳೆಯ ಚಿತ್ರ ಎರಡೇ ಮಳೆಗೆ ಉದುರಿತು. ಏನು ತಪ್ಪಾಗಿರಬಹುದು?
— ಚಿತ್ರಕಲಾ ಶಿಕ್ಷಕರು

ಉದುರುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಸುಣ್ಣ ಬಳಿದ ಗೋಡೆಯ ಮೇಲೆ ನೇರ ಎಮಲ್ಷನ್ ಹಚ್ಚಿದ್ದು. ಸುಣ್ಣದ ಪದರ ಗೋಡೆ ಬಿಟ್ಟಾಗ ಬಣ್ಣವೂ ಜೊತೆಗೇ ಸಿಪ್ಪೆಯಾಗಿ ಬರುತ್ತದೆ. ಇಲ್ಲವೆ ಹೊಸ ಗಾರೆ ಮಾಗುವ ಮೊದಲೇ ಬರೆದದ್ದು. ಗಾರೆಗೆ ಕನಿಷ್ಠ 28 ದಿನ ಬೇಕು. ಮೂರನೆಯದು ನೆಲದಿಂದ ಏರುವ ತೇವ. ಗೋಡೆಯ ಕೆಳಗಿನ ಒಂದೆರಡು ಅಡಿಯಲ್ಲಿ ಬಿಳಿ ಉಪ್ಪು ಕಾಣುತ್ತಿದ್ದರೆ ಇದೇ. ಪರೀಕ್ಷೆ ಸುಲಭ: ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪಿನಿಂದ ಮುಚ್ಚಿ ಒಂದು ದಿನ ಗೋಡೆಗೆ ಅಂಟಿಸಿಡಿ. ಒಳಗೆ ಬೆವರಿದ್ದರೆ ಬಣ್ಣ ಹಚ್ಚಬೇಡಿ. ತೇವದ ಭಾಗ ಕೆಳಗಷ್ಟೇ ಇದ್ದರೆ ಚಿತ್ರವನ್ನು ಎರಡು ಅಡಿ ಮೇಲಿಂದ ಶುರು ಮಾಡಿ.

ಜನವರಿ, ಫೆಬ್ರುವರಿ ಒಳ್ಳೆಯ ಕಾಲ. ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಬಣ್ಣ ಕುಂಚದಲ್ಲೇ ಒಣಗುತ್ತದೆ, ಗೋಡೆಗೆ ಹಿಡಿಯುವುದಿಲ್ಲ. ತಂತಿ ಬ್ರಷ್ಷಿನಿಂದ ಹಳೆಯ ಸುಣ್ಣ ಪೂರ್ತಿ ಕೆರೆದು, ತೊಳೆದು, ಎರಡು ದಿನ ಒಣಗಿಸಿ. ಬಿರುಕುಗಳಿಗೆ ಹೊರಗೋಡೆಯ ಪುಟ್ಟಿ, ಮೇಲೆ ಹೊರಗೋಡೆಯ ಪ್ರೈಮರ್ ಒಂದು ಕೋಟು. ನಿಮ್ಮ ಗೋಡೆ 160 ಚದರಡಿ, ಅಂದರೆ ಸುಮಾರು 15 ಚದರ ಮೀಟರು. ಒಂದು ಲೀಟರ್ ಎಮಲ್ಷನ್ ಒಂದು ಪದರಕ್ಕೆ ಸುಮಾರು 10 ಚದರ ಮೀಟರ್ ಬರುತ್ತದೆಂದು ಹಿಡಿದರೆ ಹಿನ್ನೆಲೆಯ ಎರಡು ಪದರಕ್ಕೆ 3 ಲೀಟರು, ಪ್ರೈಮರಿಗೆ 2, ಚಿತ್ರದ ಬಣ್ಣಗಳೆಲ್ಲ ಸೇರಿ ಎರಡೂವರೆ ಲೀಟರು ಸಾಕು. ಬಿಳಿ ಎಮಲ್ಷನ್ ತಂದು ಸ್ಟೈನರ್ (ಬೆರೆಸುವ ಗಟ್ಟಿ ಬಣ್ಣ) ಬೆರೆಸಿಕೊಂಡರೆ ಖರ್ಚು ಇಳಿಯುತ್ತದೆ. ಡಬ್ಬದ ಮೇಲೆ ಬರೆದ ಮಿತಿಗಿಂತ ಹೆಚ್ಚು ಸ್ಟೈನರ್ ಹಾಕಿದರೆ ಮಳೆಗೆ ಬಣ್ಣ ಸೋರುತ್ತದೆ. ಬಿಸಿಲಿಗೆ ಮೊದಲು ಮಾಸುವುದು ಹೊಳೆಯುವ ಕೆಂಪು, ಹಳದಿ. ನೀರುನಾಯಿಗೆ ಬೇಕಾದ ಕಂದು, ಕಾವಿ ಬಣ್ಣಗಳು ಕಬ್ಬಿಣದ ಆಕ್ಸೈಡಿನಿಂದ ಆದವು, ಬಾಳುತ್ತವೆ.

ಕಾಗದದ ಚಿತ್ರಕ್ಕೆ 5 ಸೆಂ.ಮೀ. ಚೌಕ ಹಾಕಿ, ಗೋಡೆಗೆ 50 ಸೆಂ.ಮೀ. ಚೌಕವನ್ನು ಸೀಮೆಸುಣ್ಣದ ದಾರ ಚಿಮ್ಮಿಸಿ ಎಳೆಯಿರಿ. ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿದ ಮೇಲೆಯೇ ಕುಂಚ ಎತ್ತಿ. ಸಾಮಾನ್ಯ ತಪ್ಪು ಎಂದರೆ ನೀರುನಾಯಿ ಮುಂಗುಸಿಯಾಗುವುದು ಅಥವಾ ಸಮುದ್ರದ ಸೀಲ್ ಆಗುವುದು. ತುಂಗಭದ್ರೆಯದು ನುಣುಪು ತುಪ್ಪಳದ ನೀರುನಾಯಿ: ದುಂಡು ತಲೆ, ಚಿಕ್ಕ ದುಂಡು ಕಿವಿ, ಗಟ್ಟಿ ಮೀಸೆ, ಬೆರಳುಗಳ ನಡುವೆ ಜಾಲಪೊರೆ, ಬುಡ ದಪ್ಪವಾಗಿ ತುದಿಗೆ ಚಪ್ಪಟೆಯಾಗುವ ಬಾಲ. ಒಂಟಿಯಾಗಿ ಬರೆಯಬೇಡಿ, ಇವು ಗುಂಪಿನ ಜೀವಿಗಳು. ಹಿನ್ನೆಲೆಗೆ ನಿಮ್ಮೂರಿನ ಬಂಡೆಗಳೇ ಇರಲಿ, ಅವುಗಳ ಸಂದಿಯೇ ಇವುಗಳ ಮನೆ.

ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಗೋಡೆಯ ಮೂಲೆಯಲ್ಲಿ ಆ ಭಾಗದ ನಕ್ಷೆ ಬರೆದು ನಿಮ್ಮ ಶಾಲೆಯನ್ನು ಒಂದು ಚುಕ್ಕೆಯಾಗಿ ತೋರಿಸಿ. ಬಲೆಯ ಮೀನು ಕದಿಯುವ ನೀರುನಾಯಿಯನ್ನೂ ಬರೆಯಿರಿ. ಮೀನುಗಾರರಿಗೆ ಅದು ನಿಜವಾದ ನಷ್ಟ, ಅದನ್ನು ಮುಚ್ಚಿಟ್ಟ ಚಿತ್ರವನ್ನು ಅವರು ನಂಬುವುದಿಲ್ಲ. ಕೇಳಬೇಕಾದದ್ದು ಎರಡೇ: ಸಿಡಿಮದ್ದು ಹಾಕಿ ಮೀನು ಹಿಡಿಯಬಾರದು, ಹರಿದ ಬಲೆ ನದಿಗೆ ಎಸೆಯಬಾರದು.

ಅಕ್ಷರಕ್ಕೆ ಬಂದರೆ, ರಸ್ತೆಯಿಂದ ಗೋಡೆಗೆ 10 ಮೀಟರ್ ದೂರವಿದ್ದರೆ ಮೂಲಾಕ್ಷರ 10 ಸೆಂ.ಮೀ.ಗಿಂತ ಚಿಕ್ಕದಾಗಬಾರದು. ಒತ್ತಕ್ಷರಕ್ಕೆ ಕೆಳಗೆ ಅದರ ಅರ್ಧದಷ್ಟು ಜಾಗ ಬಿಡಿ. ಕನ್ನಡದ ನೀರುನಾಯಿ, ತೆಲುಗಿನ ನೀಟಿಕುಕ್ಕ ಎರಡರ ಅರ್ಥವೂ ಒಂದೇ. ‘ನೀರು’ ಎಂಬ ಪದವನ್ನು ಎರಡು ಲಿಪಿಯವರೂ ಬಹುಪಾಲು ಒಂದೇ ತರ ಬರೆಯುತ್ತಾರೆ. ಅದನ್ನು ನಡುವೆ ದೊಡ್ಡದಾಗಿ ಬರೆದು ಎಡಬಲಕ್ಕೆ ಎರಡೂ ಹೆಸರು ಹಾಕಿದರೆ ಯಾರದೂ ಅನುವಾದದಂತೆ ಕಾಣುವುದಿಲ್ಲ.

ಪೋಸ್ಟರಿಗೆ ಎ.ಐ. ಬರೆದ ಪ್ರಾಣಿಚಿತ್ರ ಸಾಕಲ್ಲವೆ?
— ಬೆಂಗಳೂರು

ಸಾಲದು. ಏಷ್ಯಾದ ಆನೆಗೆ ಆಫ್ರಿಕದ ಕಿವಿ, ಚಿರತೆಗೆ ಜಾಗ್ವಾರಿನ ಚುಕ್ಕೆ ಬಂದಿರುತ್ತವೆ. ನೋಡಲು ಚೆಂದವಿರುವುದರಿಂದ ತಪ್ಪು ಹಿಡಿಯುವುದು ಇನ್ನೂ ಕಷ್ಟ. ಆ ಪ್ರಾಣಿಯನ್ನು ಕಂಡ ಊರಿನ ಹುಡುಗಿಯೊಬ್ಬಳು ಪೆನ್ಸಿಲಿನಲ್ಲಿ ಬರೆದ ಚಿತ್ರ ಇದಕ್ಕಿಂತ ಮೇಲು.

ಕಾಡು ಆಕ್ರಮಿಸುವ ಲಂಟಾನ ಕಳೆಯಿಂದ ಆನೆ ಮಾಡುವುದನ್ನು ಚಿತ್ರಗಳಲ್ಲಿ ಕಂಡೆವು. ಕಾಲೇಜಿನ ಅಂಗಳಕ್ಕೆ ಒಂದು ಮಾಡಬಹುದೆ?
— ಚಾಮರಾಜನಗರ

ಮಾಡಬಹುದು, ಗುರುಗಳು ನಿಮ್ಮ ಜಿಲ್ಲೆಯಲ್ಲೇ ಇದ್ದಾರೆ. ಮಹದೇಶ್ವರ ಬೆಟ್ಟದ ಸೋಲಿಗರು ವರ್ಷಗಳಿಂದ ಲಂಟಾನದ ಪೀಠೋಪಕರಣ ಮಾಡುತ್ತಿದ್ದಾರೆ. ನೀಲಗಿರಿಯ ಬುಡಕಟ್ಟಿನ ಕುಶಲಿಗರು ಮಾಡಿದ ನಿಜಗಾತ್ರದ ಆನೆಗಳ ಹಿಂಡು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿತ್ತು. ಅವರಲ್ಲಿ ಒಬ್ಬಿಬ್ಬರನ್ನು ದಿನಗೂಲಿಗಲ್ಲ, ಕಲಿಸುವವರ ಸಂಭಾವನೆ ಕೊಟ್ಟು ಕರೆಸಿ. ಫಲಕದಲ್ಲಿ ಅವರ ಹೆಸರು ಮೊದಲು ಬರಲಿ.

ಹೆಬ್ಬೆರಳು ದಪ್ಪದ ನೇರ ಕೋಲು ಬೇಕು. ಹಣ್ಣು ಬಿಡುವ ಮೊದಲೇ ತನ್ನಿ, ಇಲ್ಲದಿದ್ದರೆ ನೀವೇ ಬೀಜ ಹೊತ್ತು ತಂದಂತೆ. ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ನೆಲದಿಂದ ನಾಲ್ಕು ಬೆರಳು ಕೆಳಗೆ ತಾಯಿಬೇರು ಕಡಿದು ಬುಡ ಮೇಲಾಗಿ ಮಲಗಿಸಿದರೆ ಒಣಗುತ್ತದೆ. ಕಾಡಿನಿಂದ ತರಲು ಅನುಮತಿ ಬೇಕು. ಕೋಲುಗಳನ್ನು ತೊಗಟೆ ಬೆರಳಿಗೆ ಸುಲಿದು ಬರುವ ತನಕ ಕುದಿಸಿ. ಸುಲಿದು, ಬಿಸಿ ಆರುವ ಮೊದಲೇ ಚೌಕಟ್ಟಿನ ಮೇಲೆ ಬಗ್ಗಿಸಬೇಕು. ಆರಿದ ಮೇಲೆ ಬಗ್ಗಿಸಿದರೆ ಸೀಳುತ್ತದೆ. ಚೌಕಟ್ಟಿಗೆ 8ರಿಂದ 10 ಮಿ.ಮೀ. ಕಬ್ಬಿಣದ ಸರಳು. ಮೊಳೆ ಹೊಡೆಯುವ ಮುನ್ನ ಸಣ್ಣ ತೂತು ಕೊರೆಯಿರಿ.

ಅಳತೆಗೆ ಮಾವುತರು ಬಲ್ಲ ಲೆಕ್ಕವಿದೆ: ಆನೆಯ ಮುಂಗಾಲ ಪಾದದ ಸುತ್ತಳತೆಯ ಎರಡರಷ್ಟು ಅದರ ಭುಜದ ಎತ್ತರ. ಪಾದ ಒಂದೂಕಾಲು ಮೀಟರಾದರೆ ಎತ್ತರ ಎರಡೂವರೆ. ಮುಂಗಾಲಿಗೆ ಸಾಮಾನ್ಯವಾಗಿ 5 ಉಗುರು, ಹಿಂಗಾಲಿಗೆ 4. ಸೊಂಡಿಲ ತುದಿಗೆ ಒಂದೇ ಬೆರಳು. ಹೆಣ್ಣಾನೆಗೆ ಉದ್ದ ದಂತ ಇಡಬೇಡಿ.

ನಮ್ಮದು ಪಿಲಿವೇಷದ ತಂಡ. ನಾನು ತುಳು, ಕನ್ನಡದಲ್ಲಿ ಹಾಡು ಬರೆಯುತ್ತೇನೆ. ಈ ನವರಾತ್ರಿಗೆ ನಿಜವಾದ ಹುಲಿಯ ಮಾತನ್ನು ಹೇಗೆ ಸೇರಿಸಲಿ?
— ಮಂಗಳೂರು

ಕುಣಿತದ ನಡುವೆ ಭಾಷಣ ತುರುಕಬೇಡಿ. ತಾಸೆಯ ಪೆಟ್ಟು ನಿಂತರೆ ಜನ ಚದುರುತ್ತಾರೆ, ಜೊತೆಗೆ ವೇಷ ಹರಕೆಯದು, ಅದರ ಮರ್ಯಾದೆ ಕೆಡಬಾರದು. ಬಣ್ಣದಲ್ಲೇ ಹೇಳಿ. ಕಾಡಿನಲ್ಲಿ ಎರಡು ಹುಲಿಯ ಪಟ್ಟೆ ಒಂದೇ ತರ ಇರುವುದಿಲ್ಲ. ಕ್ಯಾಮೆರಾ ಟ್ರ್ಯಾಪಿನ ಚಿತ್ರದಲ್ಲಿ ಪಟ್ಟೆ ನೋಡಿಯೇ ಎಣಿಸುತ್ತಾರೆ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ ಅಂದಾಜು 563 ಹುಲಿ. ತಂಡದಲ್ಲಿ ಹತ್ತು ಜನರಿದ್ದರೆ ಹತ್ತು ಬೇರೆ ಬೇರೆ ಪಟ್ಟೆ ಬರೆಯಿಸಿ, ವಿರಾಮದಲ್ಲಿ ಎರಡು ಸಾಲು ತುಳುವಿನಲ್ಲಿ ಅದನ್ನು ಹೇಳಿ. ಮಕ್ಕಳು ಮುಂದಿನ ಸುತ್ತಿನಲ್ಲಿ ಒಬ್ಬೊಬ್ಬ ಪಿಲಿಯನ್ನೂ ಪಟ್ಟೆಯಿಂದ ಗುರುತಿಸಲು ನೋಡುತ್ತಾರೆ.

ಮೈಗೆ ಎನಾಮೆಲ್ ಬಳಿಯುವುದನ್ನು ದಯವಿಟ್ಟು ಬಿಡಿ. ಬೆವರು ಹೊರಬರಲಾಗದೆ ಮೈ ಬಿಸಿಯೇರುತ್ತದೆ, ತೆಗೆಯಲು ಸೀಮೆಎಣ್ಣೆ ಬೇಕಾಗಿ ಚರ್ಮ ಸುಡುತ್ತದೆ. ಮೈಗೆಂದೇ ತಯಾರಾದ ನೀರಿನ ಬಣ್ಣವನ್ನು ಮುಂಗೈಗೆ ಹಚ್ಚಿ 24 ಗಂಟೆ ನೋಡಿ, ತುರಿಕೆಯಿಲ್ಲದಿದ್ದರೆ ಬಳಸಿ. ಕೊರಳಲ್ಲಿ ಹುಲಿಯುಗುರು ಬೇಡ, ‘ಅಜ್ಜನ ಕಾಲದ್ದು’ ಆದರೂ. ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿಯ ಅಂಗ ಇಟ್ಟುಕೊಂಡರೆ 3ರಿಂದ 7 ವರ್ಷ ಸೆರೆ.

ಹಾಡು, ಚಿತ್ರಗಳಿಂದ ಒಂದಾದರೂ ಪ್ರಾಣಿ ಉಳಿದಿದೆಯೆ? ನಮ್ಮ ಕೆಲಸ ಫಲ ಕೊಟ್ಟಿದೆಯೆಂದು ತಿಳಿಯುವುದು ಹೇಗೆ?
— ಮೈಸೂರು

ಉಳಿದಿವೆ, ಆದರೆ ಹಾಡೊಂದರಿಂದಲೇ ಅಲ್ಲ. 1970ರಲ್ಲಿ ಜೀವವಿಜ್ಞಾನಿ ರೋಜರ್ ಪೇನ್ ಗೂನುಬೆನ್ನಿನ ತಿಮಿಂಗಿಲದ ದನಿಯನ್ನು ಧ್ವನಿಮುದ್ರಿಕೆಯಾಗಿ ಹೊರತಂದರು. ಅದು ಲಕ್ಷಾಂತರ ಮನೆಗಳಲ್ಲಿ ನುಡಿಯಿತು. 1972ರಲ್ಲಿ ವಿಶ್ವಸಂಸ್ಥೆಯ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನ ತಿಮಿಂಗಿಲ ಬೇಟೆಗೆ ಹತ್ತು ವರ್ಷದ ತಡೆ ಕೇಳಿತು. ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ ಒಪ್ಪಿದ್ದು 1982ರಲ್ಲಿ. ದನಿ ಕೇಳಿದ ಜನ 12 ವರ್ಷ ಬಿಡದೆ ಒತ್ತಡ ಹಾಕಿದರು.

ನಮಗೆ ಇನ್ನೂ ಹತ್ತಿರದ ಪಾಠ ಅಸ್ಸಾಮಿನ ಕಾಮರೂಪದ ದಾದರ, ಪಚರಿಯಾ ಊರುಗಳದು. ಹರ್ಗಿಲಾ ಎಂಬ ದೊಡ್ಡ ಕೊಕ್ಕರೆ ಜಾತಿಯ ಹಕ್ಕಿ ಅಪಶಕುನವೆಂದು ಜನ ಗೂಡಿನ ಮರ ಕಡಿಯುತ್ತಿದ್ದರು. ವನ್ಯಜೀವಿ ವಿಜ್ಞಾನಿ ಪೂರ್ಣಿಮಾ ದೇವಿ ಬರ್ಮನ್ ಊರಿನ ಹೆಂಗಸರನ್ನು ಕಟ್ಟಿದರು. ಗೂಡುಕಟ್ಟುವ ಹೊತ್ತಿಗೆ ಹಕ್ಕಿಗೇ ಸೀಮಂತ ಮಾಡಿದರು, ಹಾಡಿದರು, ಅಸ್ಸಾಮಿನ ವಸ್ತ್ರಗಳಾದ ಗಮೋಸ ಮತ್ತು ಮೇಖಲಾ ಚಾದರಗಳಲ್ಲಿ ಹರ್ಗಿಲಾ ನೇಯ್ದು ಮಾರಿದರು. ಕೇಳಿದ್ದು ಒಂದೇ ಮಾತು: ಗೂಡಿರುವ ಮರ ಕಡಿಯಬೇಡಿ. 2010ರ ಸುಮಾರಿಗೆ ಮೂವತ್ತರೊಳಗಿದ್ದ ಗೂಡುಗಳು ಈಗ ಇನ್ನೂರು ದಾಟಿವೆ. 2023ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಈ ಹಕ್ಕಿಯನ್ನು ‘ಅಳಿವಿನಂಚಿನ’ ಪಟ್ಟಿಯಿಂದ ಎರಡು ಮೆಟ್ಟಿಲು ಕಡಿಮೆ ಅಪಾಯದ ಪಟ್ಟಿಗೆ ತಂದಿತು.

ಅಲ್ಲಿ ಎಣಿಸಿದ್ದು ಗೂಡನ್ನು, ಚಪ್ಪಾಳೆಯನ್ನಲ್ಲ. ನೀವೂ ಎಣಿಸಬಹುದಾದ ಒಂದನ್ನು ಹಾಡು ಬರೆಯುವ ಮೊದಲೇ ಆರಿಸಿಕೊಳ್ಳಿ. ಉದಾಹರಣೆಗೆ ತಾಳುಬೆಟ್ಟದಿಂದ ಮಹದೇಶ್ವರ ಬೆಟ್ಟಕ್ಕೆ ನಡೆಯುವ ದಾರಿಯಲ್ಲಿ ಯಾತ್ರಿಕರಿಗಾಗಿ ಹಾಡುತ್ತೀರೆಂದರೆ, 100 ಮೀಟರಿನ ಹತ್ತು ತುಂಡು ಗುರುತಿಸಿ. ದೀಪಾವಳಿ ಜಾತ್ರೆಯ ಮರುದಿನ ಪ್ರತಿ ತುಂಡಿನ ಪ್ಲಾಸ್ಟಿಕ್ ಎಣಿಸಿ ಬರೆದು, ಹೆಕ್ಕಿ ಸ್ವಚ್ಛ ಮಾಡಿ. ಶಿವರಾತ್ರಿಗೆ ಐದು ತುಂಡುಗಳ ಹತ್ತಿರ ಮಾತ್ರ ಹಾಡಿ, ಉಳಿದ ಐದರಲ್ಲಿ ಹಾಡಬೇಡಿ, ಮರುದಿನ ಹತ್ತನ್ನೂ ಎಣಿಸಿ. ಜಾತ್ರೆಯಿಂದ ಜಾತ್ರೆಗೆ ಜನ ಹೆಚ್ಚು ಕಡಿಮೆಯಾಗುವುದರಿಂದ ಎರಡು ಜಾತ್ರೆಗಳನ್ನು ನೇರ ಹೋಲಿಸಿದರೆ ಮೋಸ ಹೋಗುತ್ತೀರಿ. ಹಾಡಿದ ತುಂಡು, ಹಾಡದ ತುಂಡುಗಳ ನಡುವಿನ ಅಂತರವನ್ನೇ ನೋಡಿ. ಎಣಿಸುವವರು ಹಾಡಿದವರಾಗಿರಬಾರದು. ಅಂತರ ಕಾಣದಿದ್ದರೆ ಮಟ್ಟನ್ನು ಬಿಡಬೇಡಿ, ಮೊದಲು ಸೊಲ್ಲನ್ನು ಬದಲಿಸಿ ಯುಗಾದಿ ಜಾತ್ರೆಗೆ ಮತ್ತೆ ಹಾಡಿ.